ಒಂದೇ ಇನ್ಸರ್ಟ್, ಮೂರು ಯೂನಿಟ್, ಮೂರು ದರ: ಖರೀದಿಯನ್ನು ಹಳಿಗೆ ತರುವುದು ಹೇಗೆ?

(ಚರ್ಚಾ ವೇದಿಕೆಯೊಂದರ ಬರಹಗಳು; ಪ್ರತಿ ಬರಹದ ಮೇಲಿರುವುದು ಬರೆದವರ ಅಡ್ಡಹೆಸರು.)

ಪೀಣ್ಯ ಎರಡನೇ ಹಂತ

ಎಲ್ಲರಿಗೂ ನಮಸ್ಕಾರ. ಸಿಎನ್‌ಸಿ ಯಂತ್ರಗಳಲ್ಲಿ ಬಿಡಿಭಾಗ ತಯಾರಿಸುವ ಕಂಪನಿಯೊಂದರಲ್ಲಿ ಖರೀದಿ ವಿಭಾಗ ನೋಡಿಕೊಳ್ಳುತ್ತಿದ್ದೇನೆ. ಮೂಲ ಕಾರ್ಖಾನೆ ಪೀಣ್ಯದಲ್ಲಿ, ಎರಡನೆಯದು ದಾಬಸ್‌ಪೇಟೆಯಲ್ಲಿ, ಮೂರನೆಯದು ಹೊಸೂರಿನಲ್ಲಿ. ಇದುವರೆಗೆ ಮೂರೂ ಕಡೆಯ ಮ್ಯಾನೇಜರ್‌ಗಳು ತಮಗೆ ಬೇಕಾದುದನ್ನು ತಮಗೆ ಪರಿಚಯವಿರುವ ಡೀಲರ್‌ಗಳಿಂದ ತರಿಸಿಕೊಳ್ಳುತ್ತಿದ್ದರು. ಕಳೆದ ತಿಂಗಳು ಆಡಿಟರ್ ಮೂರು ಬಿಲ್‌ಗಳನ್ನು ಅಕ್ಕಪಕ್ಕ ಇಟ್ಟು ತೋರಿಸಿದರು. ಒಂದೇ ತಯಾರಕರ ಸಿಎನ್‌ಎಂಜಿ 120408 ಇನ್ಸರ್ಟ್ (ಲೋಹ ಕತ್ತರಿಸುವ, ಸವೆದರೆ ಬದಲಾಯಿಸುವ ಪುಟ್ಟ ತುಂಡು), ಒಂದೇ ಗ್ರೇಡ್, ಮೂರು ಯೂನಿಟ್‌ಗಳಿಗೆ ಮೂರು ದರ. ಅತಿ ಕಡಿಮೆಗೂ ಅತಿ ಹೆಚ್ಚಿಗೂ ಶೇಕಡಾ 18ರಷ್ಟು ಅಂತರ.

ಎಂಡಿಯವರು ಅಂದೇ ಆದೇಶ ಹೊರಡಿಸಿದರು: ಇನ್ನು ಮುಂದೆ ಎಲ್ಲ ಖರೀದಿಯೂ ಪೀಣ್ಯದಿಂದಲೇ ಆಗಬೇಕು, ತಮ್ಮ ಸಹಿ ಇಲ್ಲದೆ ಒಂದೇ ಒಂದು ಪಿಒ (ಖರೀದಿ ಆದೇಶ) ಹೊರಹೋಗಕೂಡದು. ಈಗ ನನ್ನ ಮೇಜಿನ ಮೇಲೆ ಇಂಡೆಂಟ್ ಚೀಟಿಗಳ, ಅಂದರೆ ಬೇಕಾದ ಸಾಮಾನು ಕೇಳಿ ಬರೆಯುವ ಚೀಟಿಗಳ ರಾಶಿ. ಕೈಗವಸಿನ ಪೆಟ್ಟಿಗೆಗೂ ಎಂಡಿ ಸಹಿ, ಹೊಸ ಯಂತ್ರಕ್ಕೂ ಎಂಡಿ ಸಹಿ. ಅವರು ಗ್ರಾಹಕರನ್ನು ಕಾಣಲು ಪುಣೆಗೆ ಹೋಗಿದ್ದಾಗ ಹೊಸೂರಿನಲ್ಲಿ ಒಂದು ಯಂತ್ರ ಬರಿಯ ಪ್ರಾಕ್ಸಿಮಿಟಿ ಸೆನ್ಸರ್ ಒಂದಕ್ಕಾಗಿ ಎರಡು ಶಿಫ್ಟ್ ನಿಂತುಬಿಟ್ಟಿತು. ಮ್ಯಾನೇಜರ್‌ಗಳು ನನ್ನ ಮೇಲೆ ಹರಿಹಾಯುತ್ತಿದ್ದಾರೆ.

ಕೇಳಬೇಕಾದದ್ದು ಇಷ್ಟು. ಖರೀದಿಯನ್ನು ಪೂರ್ತಿ ಒಂದೇ ಕಡೆ ತರಬೇಕೇ? ಸಹಿಯ ಮಿತಿಗಳನ್ನು ಹೇಗೆ ಹಾಕುವುದು? ನಮ್ಮಲ್ಲಿ ಸದ್ಯಕ್ಕೆ ಲೆಕ್ಕ ಬರೆಯುವ ತಂತ್ರಾಂಶ ಟ್ಯಾಲಿ ಬಿಟ್ಟರೆ ಬೇರೇನೂ ಇಲ್ಲ. ಮೊದಲು ಇಆರ್‌ಪಿ (ಖರೀದಿ, ದಾಸ್ತಾನು, ಲೆಕ್ಕ ಎಲ್ಲವನ್ನೂ ಒಂದೆಡೆ ನೋಡುವ ತಂತ್ರಾಂಶ) ಕೊಂಡುಕೊಳ್ಳುವುದು ಲೇಸೇ?

ಸ್ಟೋರ್ಸ್ ಕಿಟಕಿ

ನಿಮ್ಮ ಎಂಡಿ ಬೀಗ ಹಾಕಿರುವುದು ಬೇರೆ ಬಾಗಿಲಿಗೆ ಸರ್. ಖರೀದಿ ಕೆಡುವುದು ಪಿಒ ಹಂತದಲ್ಲಿ ಅಲ್ಲ, ಇಂಡೆಂಟ್ ಬರೆಯುವಾಗ. ಸ್ಟೋರ್ಸ್ ಕಿಟಕಿಯ ಒಳಗೆ ಕೂತವನಿಗೆ ಇದು ದಿನವೂ ಕಾಣುತ್ತದೆ.

ಮೊನ್ನೆ ನಮ್ಮಲ್ಲಿಗೆ ಬಂದ ಒಂದು ಚೀಟಿ ಹೀಗಿತ್ತು: ‘ಎಂಡ್ ಮಿಲ್ 12 ಎಂಎಂ, 10 ಸಂಖ್ಯೆ, ಅರ್ಜೆಂಟ್’. ಅಷ್ಟೇ. ಎಂಡ್ ಮಿಲ್ ಎಂದರೆ ಲೋಹ ಕೊರೆಯುವ ಕಡ್ಡಿಯಂಥ ಉಪಕರಣ. ಎಷ್ಟು ಫ್ಲೂಟ್, ಅಂದರೆ ಅದರ ಮೈಮೇಲಿನ ತೋಡು? ಕೊರೆಯುವ ಭಾಗ ಎಷ್ಟು ಉದ್ದವಿರಬೇಕು? ಕೋಟಿಂಗ್ ಯಾವುದು? ಕೊರೆಯುವುದು ಉಕ್ಕನ್ನೋ ಅಲ್ಯೂಮಿನಿಯಂ ಅನ್ನೋ? ಒಂದಕ್ಕೂ ಉತ್ತರವಿಲ್ಲ. ಖರೀದಿಯ ಹುಡುಗ ಹಿಂದಿನ ಬಿಲ್ ತೆಗೆದು ನೋಡಿ ನಾಲ್ಕು ಫ್ಲೂಟಿನ, ಟೈಟಾನಿಯಂ ಅಲ್ಯೂಮಿನಿಯಂ ನೈಟ್ರೈಡ್ ಕೋಟಿಂಗ್ ಇರುವುದನ್ನು ತರಿಸಿದ. ಉಕ್ಕಿನ ಕೆಲಸಕ್ಕೆ ಒಳ್ಳೆಯ ಉಪಕರಣ. ಆದರೆ ಚೀಟಿ ಬರೆದವರಿಗೆ ಬೇಕಾಗಿದ್ದದ್ದು ಅಲ್ಯೂಮಿನಿಯಂ ಕವಚದ ಕೆಲಸಕ್ಕೆ. ಆ ಕೋಟಿಂಗಿಗೆ ಅಲ್ಯೂಮಿನಿಯಂ ಅಂಟಿಕೊಳ್ಳುತ್ತದೆ, ನಾಲ್ಕು ಫ್ಲೂಟಿನ ನಡುವೆ ಚಿಪ್ಸ್ ಹೊರಹೋಗಲು ಜಾಗ ಸಾಲದು. ಎರಡೋ ಮೂರೋ ಫ್ಲೂಟಿನ, ಕೋಟಿಂಗ್ ಇಲ್ಲದ ನುಣುಪಾದ ಎಂಡ್ ಮಿಲ್ ಬೇಕಿತ್ತು. ಮೊದಲನೆಯದು ಮೊದಲ ಪಾಸ್‌ನಲ್ಲೇ ಕಟ್ಟಿಕೊಂಡು ಮುರಿಯಿತು. ಉಳಿದ ಒಂಬತ್ತು ನಮ್ಮ ರ್‍ಯಾಕಿನಲ್ಲಿ ಮಲಗಿವೆ. ಆಮೇಲೆ ಮತ್ತೆ ‘ಅರ್ಜೆಂಟ್’.

ಇಲ್ಲಿ ಪಿಒ ಸರಿ, ದರ ಸರಿ, ಸಹಿ ಸರಿ. ನಿಮ್ಮ ಎಂಡಿ ಹತ್ತು ಸಹಿ ಹಾಕಿದ್ದರೂ ಇದು ತಪ್ಪುತ್ತಿರಲಿಲ್ಲ. ನಿಮ್ಮ ಇನ್ಸರ್ಟ್‌ನಲ್ಲೂ ಹಾಗೆಯೇ: ಕೊನೆಯ 08 ಇರುವ ಕಡೆ 04 ಎಂದು ಬರೆದರೆ ಮೂಲೆಯ ರೇಡಿಯಸ್ 0.8 ಬದಲು 0.4 ಮಿ.ಮೀ. ಬರುತ್ತದೆ. ಆ ವ್ಯತ್ಯಾಸ ಸಹಿ ಹಾಕುವವರ ಕಣ್ಣಿಗೆ ಬೀಳುವಂಥದ್ದಲ್ಲ.

ನಾವು ಈಗ ಒಂದು ನಿಯಮ ಮಾಡಿಕೊಂಡಿದ್ದೇವೆ. ಐಟಂ ಕೋಡ್ ಇಲ್ಲದ ಇಂಡೆಂಟ್ ಕಿಟಕಿ ದಾಟುವುದಿಲ್ಲ. ಹೊಸ ಐಟಂ ಆದರೆ ಬರೆದವರೇ ಬಂದು ಡ್ರಾಯಿಂಗ್ ಅಥವಾ ಕ್ಯಾಟಲಾಗಿನ ಸಂಖ್ಯೆ ತೋರಿಸಬೇಕು. ಮೊದಮೊದಲು ಬೈದರು. ಈಗಲೂ ಬೈಯುತ್ತಾರೆ, ಆದರೆ ಕೋಡ್ ಬರೆದುಕೊಂಡೇ ಬರುತ್ತಾರೆ.

ಸಾಫ್ಟ್‌ವೇರ್ ಕೂಲಿ

ಇಆರ್‌ಪಿ ಅಳವಡಿಸಿಕೊಡುವುದೇ ನನ್ನ ಹೊಟ್ಟೆಪಾಡು. ಆದರೂ ಹೇಳುತ್ತೇನೆ, ಈಗಲೇ ಕೊಳ್ಳಬೇಡಿ.

ಮೊದಲು ಟ್ಯಾಲಿಯಿಂದ ಕಳೆದ ಎರಡು ವರ್ಷಗಳ ಖರೀದಿಯ ಸಾಲುಗಳನ್ನೆಲ್ಲ ಎಕ್ಸೆಲ್‌ಗೆ ಇಳಿಸಿಕೊಂಡು ಐಟಂ ಹೆಸರಿನ ಪ್ರಕಾರ ಜೋಡಿಸಿ ನೋಡಿ. ‘ಅಲೆನ್ ಬೋಲ್ಟ್ ಎಂ8 25’, ‘ಸಾಕೆಟ್ ಹೆಡ್ ಸ್ಕ್ರೂ 8 ಎಂಎಂ 25 ಉದ್ದ’, ‘ಬೋಲ್ಟ್ ಅಲೆನ್ ಕೀ 8-25’ ಎಂಬ ಮೂರು ಹೆಸರುಗಳಲ್ಲಿ ಒಂದೇ ಬೋಲ್ಟ್ ಸಿಗುತ್ತದೆ. ಒಂದು ಹೆಸರಿನಲ್ಲಿ ದಾಸ್ತಾನು ತುಂಬಿ ತುಳುಕುತ್ತಿರುತ್ತದೆ, ಇನ್ನೊಂದು ಹೆಸರಿನಲ್ಲಿ ಸೊನ್ನೆ. ಸೊನ್ನೆ ಕಂಡವರು ಮತ್ತೆ ಕೊಳ್ಳುತ್ತಾರೆ. ಈ ಕಸವನ್ನು ಹಾಗೆಯೇ ಇಆರ್‌ಪಿಗೆ ಸುರಿದರೆ ನೀವು ದುಡ್ಡು ಕೊಟ್ಟು ಕಸವನ್ನು ಭದ್ರಪಡಿಸಿಕೊಂಡಂತೆ.

ಐಟಂ ಪಟ್ಟಿ ಚೊಕ್ಕ ಮಾಡುವ ಕೆಲಸ ಯಾರಿಗೂ ಇಷ್ಟವಿಲ್ಲ, ಏಕೆಂದರೆ ಅದರಲ್ಲಿ ಹೆಸರು ಬರುವುದಿಲ್ಲ. ಒಬ್ಬ ಸ್ಟೋರ್ಸ್‌ನವರು, ಒಬ್ಬ ಪ್ರೊಡಕ್ಷನ್‌ನವರು ಕೂಡಿ ಕುಳಿತು ಮುಗಿಸಬೇಕು. ಹೊರಗಿನ ಕನ್ಸಲ್ಟೆಂಟ್ ಮಾಡಿದರೆ ಸ್ಕ್ರೂಗೂ ಬೋಲ್ಟಿಗೂ ವ್ಯತ್ಯಾಸ ತಿಳಿಯದೆ ಇನ್ನಷ್ಟು ಕೆಡಿಸುತ್ತಾರೆ. ನಾನು ಅಂಥವರನ್ನು ಕಂಡಿದ್ದೇನೆ. ಅದಾದ ಮೇಲೆ ಇಆರ್‌ಪಿನೆಕ್ಸ್ಟ್ ಥರದ ಮುಕ್ತ ತಂತ್ರಾಂಶವೂ ನಿಮ್ಮ ಗಾತ್ರದ ಕಂಪನಿಗೆ ಸಾಕು. ಟ್ಯಾಲಿಯಲ್ಲೇ ಖರೀದಿ ಆದೇಶ, ರಿಸೀಟ್ ನೋಟ್ ಎರಡೂ ಇವೆ. ಅವನ್ನೇ ಯಾರೂ ಬಳಸುತ್ತಿರಲಿಕ್ಕಿಲ್ಲ, ನೇರವಾಗಿ ಬಿಲ್ ಎಂಟ್ರಿ ಹಾಕುತ್ತಿರುತ್ತೀರಿ. ಹೌದೋ ಅಲ್ಲವೋ?

ಪೀಣ್ಯ ಎರಡನೇ ಹಂತ

ಹೌದು. ನೇರ ಬಿಲ್ ಎಂಟ್ರಿಯೇ.

ನಿವೃತ್ತ ಟೆಂಡರ್

ಬೆಂಗಳೂರಿನ ಸಾರ್ವಜನಿಕ ವಲಯದ ಕಾರ್ಖಾನೆಯೊಂದರಲ್ಲಿ ಖರೀದಿ ಅಧಿಕಾರಿಯಾಗಿ ಸೇವೆ ಮುಗಿಸಿದವನು ನಾನು. ಸರ್ಕಾರಿ ಖರೀದಿ ಎಂದರೆ ಆಮೆ ನಡಿಗೆ ಎಂದು ಖಾಸಗಿಯವರು ನಗುತ್ತಾರಲ್ಲ, ಈ ವಿಚಾರ ಕೇಳಿ. ಕೇಂದ್ರ ಸರ್ಕಾರದ ಸಾಮಾನ್ಯ ಹಣಕಾಸು ನಿಯಮಗಳು 2017ರಲ್ಲಿ ಹೊಸದಾಗಿ ಬಂದಾಗ 25,000 ರೂಪಾಯಿವರೆಗಿನ ಸರಕಿಗೆ ಕೊಟೇಶನ್ನೇ ಬೇಕಿರಲಿಲ್ಲ. ಗುಣಮಟ್ಟ ಮತ್ತು ದರ ತನಗೆ ಸಮಾಧಾನ ತಂದಿದೆ ಎಂದು ಅಧಿಕಾರಿ ಬರೆದು ಸಹಿ ಮಾಡಿದರೆ ಸಾಕಿತ್ತು. ಅದರ ಮೇಲೆ ಎರಡೂವರೆ ಲಕ್ಷದವರೆಗೆ ಮೂವರ ಸ್ಥಳೀಯ ಖರೀದಿ ಸಮಿತಿ ಮಾರುಕಟ್ಟೆ ವಿಚಾರಿಸಿ ಶಿಫಾರಸು ಮಾಡಬಹುದಿತ್ತು. ಅಂದರೆ ಸರ್ಕಾರವೇ ಸಣ್ಣ ಖರೀದಿಯನ್ನು ಕೆಳಗಿನವರ ಕೈಗೆ ಬಿಟ್ಟಿತ್ತು. ನಿಮ್ಮಲ್ಲಿ ಕೈಗವಸಿಗೆ ಎಂಡಿ ಸಹಿ! ಮೂಗಿಗಿಂತ ಮೂಗುತಿ ಭಾರ.

ಸಹಿಯ ಮಿತಿಯನ್ನು ಮೊತ್ತದ ಮೇಲೆ ಮಾತ್ರ ಹಾಕಬೇಡಿ. ಮೂರು ಪ್ರಶ್ನೆ ಇಟ್ಟುಕೊಳ್ಳಿ: ಮೊತ್ತ ಎಷ್ಟು, ದರ ಮೊದಲೇ ಗೊತ್ತುಪಡಿಸಿದ್ದೇ, ಸರಬರಾಜುದಾರ ಹೊಸಬನೇ. ದರ ಒಪ್ಪಂದ ಆಗಿರುವ ವಸ್ತು, ಹಳೆಯ ಸರಬರಾಜುದಾರ ಎಂದಾದರೆ ಎರಡು ಲಕ್ಷದ ಆದೇಶವನ್ನೂ ಯೂನಿಟ್ ಮ್ಯಾನೇಜರ್ ಕಳಿಸಲಿ. ಹೊಸ ಸರಬರಾಜುದಾರ, ಹೊಸ ದರ ಎಂದಾದರೆ ಇಪ್ಪತ್ತು ಸಾವಿರದ್ದನ್ನೂ ಮೇಲಿನವರು ಒಮ್ಮೆ ನೋಡಲಿ. ಅಪಾಯ ಇರುವುದು ಅಲ್ಲಿ.

ಇನ್ನೊಂದು ಎಚ್ಚರಿಕೆ. ಮಿತಿ 50,000 ಎಂದು ಬರೆದ ಮರುವಾರವೇ 49,500ರ ಪಿಒಗಳು ಹುಟ್ಟಿಕೊಳ್ಳುತ್ತವೆ. ಒಂದೇ ಅಗತ್ಯವನ್ನು ತುಂಡು ಮಾಡಿ ಮಿತಿಯ ಕೆಳಗೆ ನುಸುಳಿಸುವುದು ಖರೀದಿಯಷ್ಟೇ ಹಳೆಯ ವಿದ್ಯೆ. ಸರ್ಕಾರಿ ನಿಯಮಗಳಲ್ಲಿ ಇದನ್ನು ನಿಷೇಧಿಸಿದ್ದಾರೆ, ಆದರೂ ನಡೆಯುತ್ತದೆ. ಒಂದೇ ಸರಬರಾಜುದಾರನ ಹೆಸರಿಗೆ ಒಂದೇ ವಾರದಲ್ಲಿ ಹೊರಟ ಪಿಒಗಳನ್ನು ಕೂಡಿಸಿ ತೋರಿಸುವ ಪಟ್ಟಿಯನ್ನು ತಿಂಗಳಿಗೊಮ್ಮೆ ಎಂಡಿಗೆ ಕೊಡಿ. ಎಂಡಿ ನೋಡಬೇಕಾದದ್ದು ಅದನ್ನು. ಒಂದೊಂದು ಪಿಒವನ್ನಲ್ಲ.

ಬೆಳಗಾವಿ ಫೌಂಡ್ರಿ

ಸ್ವಲ್ಪ ತಡೆಯಿರಿ. ಎಲ್ಲರೂ ದರ ಒಪ್ಪಂದ, ದರ ಒಪ್ಪಂದ ಎನ್ನುತ್ತಿದ್ದೀರಿ. ಉದ್ಯಮಬಾಗಿನಲ್ಲಿ ನಮ್ಮದು ಎರಕದ ಕೆಲಸ. ನಮ್ಮ ಖರೀದಿಯ ದೊಡ್ಡ ಪಾಲು ಸ್ಕ್ರ್ಯಾಪ್ (ಗುಜರಿ ಲೋಹ) ಮತ್ತು ಪಿಗ್ ಐರನ್ (ಕಚ್ಚಾ ಕಬ್ಬಿಣ). ಬೆಳಗಿನ ದರ ಸಂಜೆಗೆ ಇರುವುದಿಲ್ಲ. ವರ್ಷಕ್ಕೊಂದು ದರ ಎಂದು ಬರೆಸಿಕೊಂಡರೆ ಮಾರುಕಟ್ಟೆ ಏರಿದಾಗ ಮಾಲು ಬರುವುದಿಲ್ಲ, ಇಳಿದಾಗ ಮಾತ್ರ ಲಾರಿ ಸಾಲುಗಟ್ಟುತ್ತದೆ. ಇಂಥದ್ದಕ್ಕೆ ಅನುಭವವಿರುವ ಒಬ್ಬ ಮನುಷ್ಯ ಫೋನ್ ಹಿಡಿದು ಕೂರಬೇಕು, ಅವನ ಮೇಲೆ ನಂಬಿಕೆ ಇಡಬೇಕು. ನಿಯಮ, ಫಾರಂ, ಮೂರು ಕೊಟೇಶನ್ ಎಂದು ಕುಳಿತರೆ ಲಾರಿ ಪಕ್ಕದ ಫೌಂಡ್ರಿಗೆ ತಿರುಗುತ್ತದೆ.

ಹಾಗೆಯೇ ಎಲ್ಲವನ್ನೂ ಕೇಂದ್ರಕ್ಕೆ ಎಳೆದುಕೊಳ್ಳುವುದನ್ನೂ ನಾನು ಒಪ್ಪುವುದಿಲ್ಲ. ಹೊಸೂರಿನ ಮ್ಯಾನೇಜರ್‌ಗೆ ಅಲ್ಲಿನ ಬೀದಿಯ ಅಂಗಡಿಗಳು ಗೊತ್ತು. ಪೀಣ್ಯದಲ್ಲಿ ಕೂತವರಿಗೆ ಗೊತ್ತಿರುವುದು ಬಿಲ್ ಮಾತ್ರ.

ನಿವೃತ್ತ ಟೆಂಡರ್

ಸ್ಕ್ರ್ಯಾಪಿನ ವಿಷಯದಲ್ಲಿ ನಿಮ್ಮ ಮಾತು ಸರಿ. ಆದರೆ ‘ನಂಬಿಕೆಯ ಒಬ್ಬ ಮನುಷ್ಯ’ ಎಂಬಲ್ಲಿ ನನ್ನ ತಕರಾರಿದೆ. ದರ ಏರಿಳಿಯುವ ವಸ್ತುಗಳಿಗೆ ದರದ ಬದಲು ಸೂತ್ರವನ್ನು ಒಪ್ಪಿಕೊಳ್ಳುವ ರೂಢಿ ಹಳೆಯದು. ಮೂಲ ದರ ಇಷ್ಟು, ಗೊತ್ತುಪಡಿಸಿದ ಪ್ರಕಟಿತ ದರ ಇಷ್ಟು ಏರಿದರೆ ನಮ್ಮದು ಇಷ್ಟು ಏರುತ್ತದೆ, ಇಳಿದರೆ ಇಳಿಯುತ್ತದೆ ಎಂದು ಬರೆದುಕೊಳ್ಳುವುದು. ಆಗ ಚೌಕಾಸಿ ವರ್ಷಕ್ಕೊಮ್ಮೆ ಮುಗಿಯುತ್ತದೆ. ಫೋನ್ ಹಿಡಿದವನು ದರ ಕುದುರಿಸಲಿ, ತೂಕ ಮಾಡಿ ಮಾಲು ಇಳಿಸಿಕೊಳ್ಳುವವನು ಬೇರೆಯವನಿರಲಿ, ಬಿಲ್ ಪಾಸು ಮಾಡುವವನು ಮೂರನೆಯವನಿರಲಿ. ಮೂರೂ ಒಬ್ಬನೇ ಆದರೆ ಅವನು ಎಷ್ಟೇ ಪ್ರಾಮಾಣಿಕನಾಗಿದ್ದರೂ ಊರ ಬಾಯಿ ಮುಚ್ಚಿಸಲು ಅವನಿಂದ ಸಾಧ್ಯವಿಲ್ಲ.

ಬೆಳಗಾವಿ ಫೌಂಡ್ರಿ

ತೂಕದವನು ಬೇರೆಯೇ ಇದ್ದಾನೆ. ಸೂತ್ರದ ಮಾತನ್ನು ಪಿಗ್ ಐರನ್ನಿಗೆ ಪ್ರಯತ್ನಿಸಬಹುದು. ಸ್ಕ್ರ್ಯಾಪಿಗೆ ಆಗದು, ಒಂದು ಲಾರಿಯ ಹಾಗೆ ಇನ್ನೊಂದು ಲಾರಿ ಇರುವುದಿಲ್ಲ.

ಲೆಕ್ಕದ ಪುಸ್ತಕ

ಹೊಸೂರಿನ ವಿಷಯಕ್ಕೆ ಬರೋಣ. ಇಲ್ಲಿಯವರೆಗೆ ಯಾರೂ ಗಮನಿಸಲಿಲ್ಲ: ಹೊಸೂರು ತಮಿಳುನಾಡಿನಲ್ಲಿದೆ. ಪೀಣ್ಯ, ದಾಬಸ್‌ಪೇಟೆ ಎರಡಕ್ಕೂ ಒಂದೇ ಜಿಎಸ್‌ಟಿ ನೋಂದಣಿ ಸಾಕು, ಸಂಖ್ಯೆ 29ರಿಂದ ಶುರುವಾಗುತ್ತದೆ. ಹೊಸೂರಿನದು ಬೇರೆ ನೋಂದಣಿ, 33ರಿಂದ ಶುರು. ಜಿಎಸ್‌ಟಿ ಕಾಯ್ದೆಯ ಕಣ್ಣಿಗೆ ಇವೆರಡೂ ಬೇರೆ ಬೇರೆ ವ್ಯಕ್ತಿಗಳು, ಪ್ಯಾನ್ ಒಂದೇ ಆದರೂ.

ಎಂಡಿಯವರ ಆದೇಶದಂತೆ ಎಲ್ಲ ಇನ್ಸರ್ಟ್‌ಗಳನ್ನೂ ಪೀಣ್ಯದ ಹೆಸರಿನಲ್ಲಿ ಕೊಂಡು ಹೊಸೂರಿಗೆ ಕಳಿಸುತ್ತೀರಿ ಎಂದಿಟ್ಟುಕೊಳ್ಳಿ. ದಾಬಸ್‌ಪೇಟೆಗಾದರೆ ಡೆಲಿವರಿ ಚಲನ್ ಸಾಕು. ಹೊಸೂರಿಗೆ ಹೋಗುವ ಪ್ರತಿ ಪೆಟ್ಟಿಗೆಗೂ ನೀವೇ ಐಜಿಎಸ್‌ಟಿ (ಅಂತರರಾಜ್ಯ ಜಿಎಸ್‌ಟಿ) ಹಾಕಿ ತೆರಿಗೆ ಇನ್‌ವಾಯ್ಸ್ ಮಾಡಬೇಕು, ದುಡ್ಡು ಕೈ ಬದಲಾಯಿಸದಿದ್ದರೂ. ಮೌಲ್ಯ 50,000 ದಾಟಿದರೆ ಇ-ವೇ ಬಿಲ್ (ಮಾಲು ಸಾಗಣೆಯ ಆನ್‌ಲೈನ್ ದಾಖಲೆ) ಎರಡೂ ಕಡೆಗೆ ಬೇಕೇ ಬೇಕು. ಹೊಸೂರಿನವರು ಅದರ ಕ್ರೆಡಿಟ್ ತೆಗೆದುಕೊಳ್ಳುತ್ತಾರೆ, ಅಂದರೆ ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುತ್ತಾರೆ, ತೆರಿಗೆ ನಷ್ಟವಿಲ್ಲ. ಆದರೆ ಕಾಗದ ಎರಡು ಪಟ್ಟು.

ಆದ್ದರಿಂದ ದರವನ್ನು ಪೀಣ್ಯದಲ್ಲಿ ಒಮ್ಮೆ ಕುದುರಿಸಿ. ಒಪ್ಪಂದದಲ್ಲಿ ಮೂರೂ ವಿಳಾಸಗಳನ್ನು, ಎರಡೂ ಜಿಎಸ್‌ಟಿ ಸಂಖ್ಯೆಗಳನ್ನು ಬರೆಯಿರಿ. ಪಿಒಗಳನ್ನು ಆಯಾ ಯೂನಿಟ್ ತನಗೆ ಬೇಕಾದಾಗ, ತನ್ನ ಹೆಸರಿನಲ್ಲೇ ಕಳಿಸಲಿ. ಡೀಲರ್ ನೇರವಾಗಿ ಹೊಸೂರಿಗೆ ಬಿಲ್ ಮಾಡುತ್ತಾನೆ, ಮಾಲೂ ನೇರ ಅಲ್ಲಿಗೇ ಇಳಿಯುತ್ತದೆ. ಬೆಳಗಾವಿಯವರ ತಕರಾರಿಗೂ ಇದರಲ್ಲಿ ಅರ್ಧ ಉತ್ತರವಿದೆ.

ಈಗ ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಖರೀದಿಯವರು ಪಿಒ ಕಳಿಸಿದ ಮೇಲೆ ಕೈ ತೊಳೆದುಕೊಳ್ಳುತ್ತಾರೆ. ಬಿಲ್ ನಮ್ಮ ಮೇಜಿಗೆ ಬರುವ ಹೊತ್ತಿಗೆ ಹಣ ಕೊಡುವ ಗಡುವಿನ ಅರ್ಧ ಕರಗಿಹೋಗಿರುತ್ತದೆ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗೆ ಲಿಖಿತ ಒಪ್ಪಂದವಿಲ್ಲದಿದ್ದರೆ 15 ದಿನದಲ್ಲಿ, ಒಪ್ಪಂದವಿದ್ದರೆ ಅದರಲ್ಲಿರುವ ದಿನಕ್ಕೆ, ಆದರೆ ಏನೇ ಬರೆದುಕೊಂಡರೂ 45 ದಿನ ಮೀರದಂತೆ ಹಣ ಕೊಡಬೇಕು. ತಪ್ಪಿದರೆ ಆರ್‌ಬಿಐ ಬ್ಯಾಂಕ್ ದರದ ಮೂರು ಪಟ್ಟು, ಅದೂ ತಿಂಗಳಿಗೊಮ್ಮೆ ಸೇರುವ ಚಕ್ರಬಡ್ಡಿ. ಆ ಬಡ್ಡಿಯನ್ನು ಆದಾಯ ತೆರಿಗೆಯಲ್ಲಿ ಖರ್ಚಾಗಿ ತೋರಿಸುವಂತೆಯೂ ಇಲ್ಲ.

ಇದರ ಮೇಲೆ 2023ರ ಹಣಕಾಸು ಕಾಯ್ದೆಯಲ್ಲಿ 1961ರ ಆದಾಯ ತೆರಿಗೆ ಕಾಯ್ದೆಯ 43ಬಿ ಕಲಮಿಗೆ (ಎಚ್) ಉಪಕಲಮನ್ನು ಸೇರಿಸಿದರು. ಗಡುವು ಮೀರಿ ಮಾರ್ಚ್ 31ಕ್ಕೆ ಬಾಕಿ ಉಳಿದ ಇಂಥ ಬಿಲ್‌ಗಳು ಆ ವರ್ಷದ ಖರ್ಚಾಗಿ ಸಿಗುವುದಿಲ್ಲ. ಹಣ ಕೊಟ್ಟ ವರ್ಷಕ್ಕೆ ಹೋಗುತ್ತವೆ. ಎರಡು ವಿವರ ನೆನಪಿರಲಿ. ಮಧ್ಯಮ ಉದ್ದಿಮೆಗಳಿಗೆ ಇದು ಅನ್ವಯವಲ್ಲ. ಬರಿಯ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ) ಇದ್ದರೂ ಅದು ಆದ್ಯತಾ ಸಾಲದ ಅನುಕೂಲಕ್ಕಷ್ಟೆ ಸೀಮಿತ. ಆದ್ದರಿಂದ ನಿಮ್ಮ ಇನ್ಸರ್ಟ್ ಡೀಲರ್ ಇದರ ಹೊರಗಿರಬಹುದು, ಗ್ರೈಂಡಿಂಗ್ ಮಾಡಿಕೊಡುವ ಸಣ್ಣ ಶೆಡ್ಡಿನವರು ಒಳಗಿರುತ್ತಾರೆ. ಸರಬರಾಜುದಾರರ ಪಟ್ಟಿಯಲ್ಲಿ ಉದ್ಯಮ್ ಸಂಖ್ಯೆ ಮತ್ತು ವರ್ಗಕ್ಕೆ ಒಂದೊಂದು ಕಾಲಂ ಇಡಿ. ಇದು ಲೆಕ್ಕದವರ ಕೆಲಸ ಎಂದು ನಮ್ಮ ಕಡೆ ತಳ್ಳಬೇಡಿ. ಸರಬರಾಜುದಾರನನ್ನು ಸೇರಿಸಿಕೊಳ್ಳುವ ದಿನವೇ ಕೇಳಬೇಕಾದದ್ದು ಖರೀದಿಯವರು.

ಕ್ಯೂಸಿ ಮೇಜು

ಮೇಡಂ, ಆ 45 ದಿನ ಎಂದಿನಿಂದ ಶುರು? ನಮ್ಮಲ್ಲಿ ಮಾಲು ಬಂದು ತಪಾಸಣೆಗೆ ಮೂರು ವಾರ ಕಾದ ಉದಾಹರಣೆಗಳಿವೆ. ಜಿಆರ್‌ಎನ್ (ಮಾಲು ಸ್ವೀಕರಿಸಿದ್ದಕ್ಕೆ ಬರೆಯುವ ಚೀಟಿ) ಆದ ದಿನದಿಂದ ಅಲ್ಲವೇ?

ಲೆಕ್ಕದ ಪುಸ್ತಕ

ಅಲ್ಲ. ಎಲ್ಲರೂ ಹಾಗೆಂದೇ ತಿಳಿದುಕೊಂಡಿದ್ದಾರೆ. ಮಾಲು ಮುಟ್ಟಿದ 15 ದಿನಗಳೊಳಗೆ ನೀವು ಬರವಣಿಗೆಯಲ್ಲಿ ಆಕ್ಷೇಪಣೆ ಕಳಿಸದಿದ್ದರೆ, ಮುಟ್ಟಿದ ದಿನವೇ ಒಪ್ಪಿಕೊಂಡ ದಿನ ಎಂದು ಕಾಯ್ದೆ ಭಾವಿಸುತ್ತದೆ. ನಿಮ್ಮ ಮೂರು ವಾರದ ಕಾಯುವಿಕೆಗೆ ಅಲ್ಲಿ ಕಿಮ್ಮತ್ತಿಲ್ಲ. ಗೇಟ್ ಎಂಟ್ರಿಯ ತಾರೀಕೇ ಲೆಕ್ಕ. ಫೋನಿನಲ್ಲಿ ‘ಮಾಲು ಸರಿಯಿಲ್ಲ’ ಎಂದು ಹೇಳಿದ್ದೂ ಲೆಕ್ಕಕ್ಕಿಲ್ಲ, ಇಮೇಲ್ ಕಳಿಸಿ.

ಕ್ಯೂಸಿ ಮೇಜು

ಹಾಗಾದರೆ ನಮ್ಮ ಪಾಲಿನ ದೂರನ್ನೂ ಕೇಳಿ. ತಪಾಸಣೆ ತಡವಾಗುವುದು ನಾವು ಸೋಮಾರಿಗಳೆಂದಲ್ಲ. ಇಎನ್8 ಉಕ್ಕಿನ ಬಾರ್ ಬರುತ್ತದೆ, ಜೊತೆಗೆ ಟೆಸ್ಟ್ ಸರ್ಟಿಫಿಕೇಟ್ ಬರುವುದಿಲ್ಲ. ಕೇಳಿದರೆ ‘ಪಿಒದಲ್ಲಿ ಬರೆದಿರಲಿಲ್ಲ’ ಎನ್ನುತ್ತಾನೆ ಡೀಲರ್. ಆಮೇಲೆ ಯಾವುದೋ ಹೀಟ್‌ನ (ಒಂದು ಸಲ ಕರಗಿಸಿ ಮಾಡಿದ ಉಕ್ಕಿನ ತಂಡದ) ಸರ್ಟಿಫಿಕೇಟ್ ಕಳಿಸುತ್ತಾನೆ, ಬಾರಿನ ತುದಿಯಲ್ಲಿ ಹೊಡೆದ ಹೀಟ್ ನಂಬರಿಗೂ ಅದಕ್ಕೂ ತಾಳೆಯಾಗುವುದಿಲ್ಲ. ಮತ್ತೆ ಫೋನ್, ಮತ್ತೆ ಕಾಯುವುದು. ಐಎಸ್‌ಒ 9001ರ 8.4ನೆಯ ಕಲಮು ಕೇಳುವುದೇ ಇದನ್ನು: ಹೊರಗಿನಿಂದ ತರಿಸುವುದಕ್ಕೆ ನಮ್ಮ ಅಗತ್ಯ ಏನೆಂದು ಸರಬರಾಜುದಾರರಿಗೆ ಮೊದಲೇ ತಿಳಿಸಿ. ಆಡಿಟ್ ದಿನ ಗೋಡೆಯ ಮೇಲಿನ ಗುಣಮಟ್ಟದ ನೀತಿ ಓದುತ್ತಾರೆ, ಪಿಒದಲ್ಲಿ ಮಾತ್ರ ಒಂದು ಸಾಲು ಇರುವುದಿಲ್ಲ. ‘ಹೀಟ್ ನಂಬರ್ ತಾಳೆಯಾಗುವ ಟೆಸ್ಟ್ ಸರ್ಟಿಫಿಕೇಟ್ ಮಾಲಿನ ಜೊತೆಗೇ ಬರಬೇಕು, ಇಲ್ಲದಿದ್ದರೆ ಗೇಟಿನಿಂದಲೇ ವಾಪಸು’ ಎಂಬ ಸಾಲನ್ನು ಪಿಒದಲ್ಲಿ ಅಚ್ಚು ಮಾಡಿಸಿ. ಒಂದೆರಡು ಲಾರಿ ನಿಜವಾಗಿ ವಾಪಸು ಹೋಗಲಿ. ಆಮೇಲೆ ನೋಡಿ.

ಗ್ರೈಂಡಿಂಗ್ ಶೆಡ್

ಇಷ್ಟು ಹೊತ್ತೂ ಕೊಳ್ಳುವವರೇ ಮಾತಾಡಿದಿರಿ. ನಾನು ಮಾರುವ ಕಡೆಯವನು. ನಾಲ್ಕು ಸಿಲಿಂಡ್ರಿಕಲ್ ಗ್ರೈಂಡಿಂಗ್ ಯಂತ್ರ ಇಟ್ಟುಕೊಂಡು ಜಾಬ್ ವರ್ಕ್, ಅಂದರೆ ಬೇರೆಯವರು ಕಳಿಸಿದ ಮಾಲಿನ ಮೇಲೆ ಕೆಲಸ ಮಾಡಿಕೊಡುವುದು, ಮಾಡುತ್ತೇನೆ.

ಮೂರು ಯೂನಿಟ್‌ಗೆ ಮೂರು ದರ ಬಂದದ್ದು ಹೇಗೆಂದು ಯಾರಾದರೂ ಡೀಲರನ್ನು ಕೇಳಿದಿರಾ? ನಾವು ದರ ಹೇಳುವಾಗ ಮನಸ್ಸಿನಲ್ಲಿ ಮೊದಲು ಲೆಕ್ಕ ಹಾಕುವುದು ಈ ಪಾರ್ಟಿ ಎಷ್ಟು ದಿನಕ್ಕೆ ದುಡ್ಡು ಕೊಡುತ್ತದೆ ಎಂಬುದನ್ನು. ತಿಂಗಳಿಗೆ ಕೊಡುವವರಿಗೆ ಒಂದು ದರ. ನಾಲ್ಕು ತಿಂಗಳು ಅಲೆಸುವವರಿಗೆ ಇನ್ನೊಂದು ದರ. ಬ್ಯಾಂಕಿನ ಓವರ್‌ಡ್ರಾಫ್ಟ್ ಬಡ್ಡಿ ನಮ್ಮ ತಲೆಯ ಮೇಲಿರುತ್ತದೆ, ಅದನ್ನು ದರದೊಳಗೆ ಅಡಗಿಸುತ್ತೇವೆ. ದೊಡ್ಡ ಗ್ರಾಹಕರು ಚೌಕಾಸಿ ಮಾಡಿ ನೂರಕ್ಕೆ ಮೂರು ರೂಪಾಯಿ ಇಳಿಸಿ ಬೀಗುತ್ತಾರೆ. ನಾವು ನೂರಕ್ಕೆ ಹತ್ತು ಮೊದಲೇ ಏರಿಸಿರುತ್ತೇವೆ.

ಎಂಎಸ್‌ಎಂಇ ಕಾಯ್ದೆ, ಬಾಕಿ ಹಣಕ್ಕೆ ದೂರು ಕೊಡುವ ಸಮಾಧಾನ್ ಪೋರ್ಟಲ್ ಎಲ್ಲ ಗೊತ್ತು. ದೂರು ಕೊಟ್ಟ ಮರುದಿನ ಆ ಕಂಪನಿಯಿಂದ ಕೆಲಸ ನಿಲ್ಲುತ್ತದೆ ಎಂಬುದೂ ಗೊತ್ತು. ಆದ್ದರಿಂದ ಬಡ್ಡಿಯನ್ನು ಕಾಯ್ದೆಯ ಮೂಲಕ ಕೇಳುವುದಿಲ್ಲ, ದರದ ಮೂಲಕ ವಸೂಲು ಮಾಡುತ್ತೇವೆ.

ನಿಮ್ಮ ಕಂಪನಿಗೂ ನನ್ನಂಥವರು ಕೆಲಸ ಮಾಡುತ್ತಿರಬೇಕು. ಒಂದು ವಿನಂತಿ. ಜಾಬ್ ವರ್ಕಿಗೆ ಮಾಲು ಕಳಿಸುವಾಗ ಚಲನ್ ಜೊತೆ ಪಿಒವನ್ನೂ ಕಳಿಸಿ. ‘ಮೊದಲು ಕೆಲಸ ಮಾಡಿ ಕೊಡಿ, ಪಿಒ ಆಮೇಲೆ’ ಎನ್ನುತ್ತಾರೆ. ಬಿಲ್ ಹಾಕಿದಾಗ ‘ಪಿಒ ಇಲ್ಲದ ಬಿಲ್ ಪಾಸಾಗುವುದಿಲ್ಲ’ ಎಂದು ವಾಪಸು ಬರುತ್ತದೆ. ಎರಡೂ ಮಾತು ಒಂದೇ ಕಚೇರಿಯವು. ಅದೇ ಬಾಗಿಲು, ಎರಡು ಮೇಜು.

ಪೀಣ್ಯ ಎರಡನೇ ಹಂತ

ಗ್ರೈಂಡಿಂಗ್ ಶೆಡ್ ಸರ್, ನಿಮ್ಮ ಮಾತು ಓದಿದ ಮೇಲೆ ಮೂರೂ ಯೂನಿಟ್‌ನ ಪಾವತಿಯ ತಾರೀಕುಗಳನ್ನು ತೆಗೆಸಿದೆ. ಕಡಿಮೆ ದರ ಸಿಕ್ಕಿದ್ದು ಹೊಸೂರಿಗೆ. ಅಲ್ಲಿನ ಬ್ಯಾಂಕ್ ಖಾತೆ ಬೇರೆ, ಮ್ಯಾನೇಜರ್ ಬಿಲ್ ಬಂದ ತಿಂಗಳೊಳಗೆ ಹಣ ಕಳಿಸುತ್ತಾರೆ. ಹೆಚ್ಚು ದರ ಬಿದ್ದದ್ದು ನಮ್ಮ ಪೀಣ್ಯಕ್ಕೇ. ಇಲ್ಲಿ ಮೂರು ತಿಂಗಳ ಮೇಲೆ ಎಳೆಯುತ್ತಿದ್ದರು. ಅಂದರೆ ಎಲ್ಲವನ್ನೂ ಪೀಣ್ಯಕ್ಕೆ ತಂದರೆ ಹೊಸೂರಿನ ದರವೂ ಪೀಣ್ಯದ ದರಕ್ಕೆ ಏರುವ ಸಾಧ್ಯತೆ ಇದೆ! ಡೀಲರನ್ನು ಕೇಳಿದೆ. ನೇರವಾಗಿ ಒಪ್ಪಿಕೊಳ್ಳಲಿಲ್ಲ, ಅಲ್ಲಗಳೆಯಲೂ ಇಲ್ಲ. ‘30 ದಿನ ಎಂದು ಬರೆದುಕೊಡಿ, ಹೊಸೂರಿನ ದರಕ್ಕೇ ಮೂರೂ ಕಡೆ ಕೊಡುತ್ತೇನೆ’ ಎಂದರು.

ಎಂಡಿಯವರ ಮುಂದೆ ಇದನ್ನು ಹೇಗೆ ಇಡುವುದು ಎಂದು ಯೋಚಿಸುತ್ತಿದ್ದೇನೆ. ಪಾವತಿ ತಡ ಮಾಡಿ ಎಂದು ಹೇಳುವವರೂ ಅವರೇ.

ಲೆಕ್ಕದ ಪುಸ್ತಕ

ಲೆಕ್ಕ ಇಡಿ, ಮಾತು ಬೇಡ. ಲಕ್ಷ ರೂಪಾಯಿಯ ಮಾಲನ್ನು ಎರಡು ತಿಂಗಳು ತಡವಾಗಿ ಪಾವತಿಸಿದರೆ ವರ್ಷಕ್ಕೆ ಶೇಕಡಾ 12ರ ಬಡ್ಡಿಯಂತೆ ನಿಮಗೆ ಉಳಿಯುವುದು ಎರಡು ಸಾವಿರ. ಅದಕ್ಕಾಗಿ ನೀವು ತೆತ್ತಿರುವುದು ಹದಿನೆಂಟು ಸಾವಿರ. ಹದಿನೆಂಟರಲ್ಲಿ ಅರ್ಧಕ್ಕೆ ಬೇರೆ ಕಾರಣಗಳಿವೆ ಎಂದಿಟ್ಟುಕೊಂಡರೂ ಒಂಬತ್ತು ಸಾವಿರ. ಎಂಡಿ ಅರ್ಥ ಮಾಡಿಕೊಳ್ಳುತ್ತಾರೆ. ಜೊತೆಗೆ ಇದನ್ನೂ ಹೇಳಿ: ಬಿಲ್ ತಾರೀಕಿನಿಂದ 180 ದಿನದೊಳಗೆ ಹಣ ಕೊಡದಿದ್ದರೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟನ್ನು ಬಡ್ಡಿ ಸಮೇತ ವಾಪಸು ಮಾಡಬೇಕು. ವಿವಾದದ ನೆಪದಲ್ಲಿ ಕಪಾಟಿನಲ್ಲಿಟ್ಟ ಹಳೆಯ ಬಿಲ್‌ಗಳು ನಿಮ್ಮಲ್ಲೂ ಇರಬೇಕು.

ಸ್ಟೋರ್ಸ್ ಕಿಟಕಿ

ಆ ಸೆನ್ಸರ್ ವಿಷಯ ಎಲ್ಲರೂ ಮರೆತಿರಿ. ಯಂತ್ರ ನಿಂತದ್ದು ಅದಕ್ಕಾಗಿ ತಾನೇ?

ಸ್ಟೋರ್ಸ್‌ನಲ್ಲಿ ಎ-ಬಿ-ಸಿ ವಿಂಗಡಣೆ ಎಲ್ಲರೂ ಮಾಡುತ್ತಾರೆ. ದುಡ್ಡಿನ ದೊಡ್ಡ ಪಾಲು ನುಂಗುವ ಕೆಲವೇ ವಸ್ತುಗಳು ಎ, ಚಿಲ್ಲರೆ ಸಾಮಾನುಗಳು ಸಿ. ಆ ಲೆಕ್ಕದಲ್ಲಿ ಸೆನ್ಸರ್ ಸಿ ವರ್ಗ, ಯಾರೂ ತಿರುಗಿ ನೋಡುವುದಿಲ್ಲ. ಅದರ ಜೊತೆ ವಿ-ಇ-ಡಿ ಎಂಬ ಇನ್ನೊಂದು ವಿಂಗಡಣೆ ಬೇಕು: ಇಲ್ಲದಿದ್ದರೆ ಯಂತ್ರವೇ ನಿಲ್ಲುವಂಥದ್ದು ವಿ, ತೊಂದರೆಯಾದರೂ ಸಂಭಾಳಿಸಬಹುದಾದದ್ದು ಇ, ಇದ್ದರೆ ಒಳ್ಳೆಯದು ಎನ್ನುವಂಥದ್ದು ಡಿ. ಸಿ ಮತ್ತು ವಿ ಎರಡೂ ಆಗಿರುವ ವಸ್ತುಗಳ ಪಟ್ಟಿ ಮೇಂಟೆನೆನ್ಸ್‌ನವರಿಂದ ಬರೆಸಿಕೊಳ್ಳಿ. ಸೆನ್ಸರ್, ಸೀಲ್, ಬೆಲ್ಟ್, ಫ್ಯೂಸ್, ಕೂಲೆಂಟ್ ಪಂಪು. ಇವು ಪ್ರತಿ ಯೂನಿಟ್‌ನಲ್ಲಿ ಒಂದೊಂದು ಬಿಡಿ ಇರಲೇಬೇಕು; ಇವುಗಳಲ್ಲಿ ಹಣ ಉಳಿಸುವ ಯೋಚನೆಯೇ ಬೇಡ. ಬಳಸಿದ ದಿನವೇ ಮರು ಆದೇಶ, ಯಾರ ಅನುಮತಿಯೂ ಬೇಡ.

ಅಷ್ಟಾದರೂ ತುರ್ತು ಬರುತ್ತದೆ. ರಾತ್ರಿ ಪಾಳಿಯಲ್ಲಿ ಕೆಟ್ಟರೆ ಬೆಳಿಗ್ಗೆ ಅಂಗಡಿ ತೆರೆದ ಕೂಡಲೇ ತರುವ ಅಧಿಕಾರ ಶಿಫ್ಟ್ ಇನ್‌ಚಾರ್ಜ್‌ಗೆ ಇರಲಿ, ಮರುದಿನ ಪಿಒ ಆಗಲಿ. ತಿಂಗಳ ಕೊನೆಗೆ ತುರ್ತಿನ ಪಟ್ಟಿ ಗೋಡೆಗೆ ಅಂಟಿಸಿ. ಯಾವ ವಿಭಾಗದ ‘ಅರ್ಜೆಂಟ್’ ಎಷ್ಟು ಎಂದು ಎಲ್ಲರೂ ನೋಡಲಿ. ನಮ್ಮಲ್ಲಿ ಆ ಹಾಳೆ ಅಂಟಿಸಿದ ಮೇಲೆ ಆ ಪದದ ಬಳಕೆ ತಾನಾಗಿಯೇ ಇಳಿಯಿತು.

ಸಾಫ್ಟ್‌ವೇರ್ ಕೂಲಿ

ಗೋಡೆಗೆ ಅಂಟಿಸುವ ಹಾಳೆ ನಾನು ಮಾರುವ ಡ್ಯಾಶ್‌ಬೋರ್ಡಿಗಿಂತ ಚೆನ್ನಾಗಿ ಕೆಲಸ ಮಾಡುತ್ತದೆ ಎಂದು ಒಪ್ಪಿಕೊಳ್ಳಲು ಸಂಕಟವಾಗುತ್ತಿದೆ.

ಪೀಣ್ಯ ಎರಡನೇ ಹಂತ

ನಿನ್ನೆ ಎಂಡಿಯವರೊಂದಿಗೆ ಮಾತಾಯಿತು. ಹೇಳಿದ್ದೆಲ್ಲವನ್ನೂ ಒಪ್ಪಲಿಲ್ಲ. ಒಪ್ಪಿದ್ದು: ಇನ್ಸರ್ಟ್, ಡ್ರಿಲ್, ಕೂಲೆಂಟ್, ಪ್ಯಾಕಿಂಗ್ ಸಾಮಗ್ರಿ ಈ ನಾಲ್ಕಕ್ಕೆ ಪೀಣ್ಯದಲ್ಲಿ ದರ ಒಪ್ಪಂದ, 30 ದಿನದ ಪಾವತಿ, ಪಿಒ ಆಯಾ ಯೂನಿಟ್‌ನಿಂದಲೇ. ದರ ಒಪ್ಪಂದದ ವಸ್ತುಗಳಿಗೆ ಅವರ ಸಹಿ ಬೇಡ. ಹೊಸ ಸರಬರಾಜುದಾರರಾದರೆ ಬೇಕು. ವಿ ವರ್ಗದ ಬಿಡಿಭಾಗಗಳ ಪಟ್ಟಿ ಈ ವಾರ ತಯಾರಾಗುತ್ತದೆ. ಕಚ್ಚಾ ಉಕ್ಕಿನ ವಿಷಯದಲ್ಲಿ ಮಾತ್ರ ಜಗ್ಗಲಿಲ್ಲ. ‘ಅದು ನನ್ನ ಮೇಜಿಗೇ ಬರಲಿ’ ಎಂದರು. ಇರಲಿ, ಅದರ ಮೊತ್ತ ದೊಡ್ಡದು, ತಿಂಗಳಿಗೆ ಕೆಲವೇ ಪಿಒಗಳು. ಜಾಬ್ ವರ್ಕಿನವರಿಗೆ ಚಲನ್ ಜೊತೆಗೇ ಪಿಒ ಎಂಬ ನಿಯಮವನ್ನು ನಾನೇ ಜಾರಿ ಮಾಡಬಹುದು, ಯಾರನ್ನೂ ಕೇಳಬೇಕಾಗಿಲ್ಲ. ನಾಳೆಯಿಂದ ಶುರು.

ಐಟಂ ಪಟ್ಟಿ ಚೊಕ್ಕ ಮಾಡಲು ಪ್ರೊಡಕ್ಷನ್‌ನಿಂದ ಒಬ್ಬರನ್ನು ಕೇಳಿದ್ದೇನೆ. ಯಾರೂ ಮುಂದೆ ಬಂದಿಲ್ಲ, ಸಾಫ್ಟ್‌ವೇರ್ ಕೂಲಿಯವರು ಹೇಳಿದಂತೆಯೇ.

ಗ್ರೈಂಡಿಂಗ್ ಶೆಡ್

ಒಳ್ಳೆಯದಾಯಿತು. ನನ್ನದೊಂದು ಪ್ರಶ್ನೆ, ಲೆಕ್ಕದ ಮೇಡಂ ಅವರಿಗೆ. ನನ್ನ ಬ್ಯಾಂಕ್ ಖಾತೆ ಬದಲಾಯಿಸಿದೆ. ಗ್ರಾಹಕರಿಗೆಲ್ಲ ಇಮೇಲ್ ಕಳಿಸಿದೆ. ಒಬ್ಬರು ಮಾತ್ರ ‘ಇಮೇಲ್ ನಂಬುವುದಿಲ್ಲ, ಲೆಟರ್‌ಹೆಡ್ ಮತ್ತು ರದ್ದು ಮಾಡಿದ ಚೆಕ್ ಹಿಡಿದು ನೀವೇ ಬನ್ನಿ’ ಎಂದರು. ಇದೇನು ಹಿಂಸೆ?

ಲೆಕ್ಕದ ಪುಸ್ತಕ

ಹಿಂಸೆಯಲ್ಲ, ಅವರೊಬ್ಬರೇ ಸರಿಯಾಗಿ ಮಾಡಿದ್ದು. ಸರಬರಾಜುದಾರರ ಹೆಸರಿನಲ್ಲಿ, ಒಂದಕ್ಷರ ಮಾತ್ರ ಬೇರೆಯಿರುವ ವಿಳಾಸದಿಂದ ‘ನಮ್ಮ ಖಾತೆ ಬದಲಾಗಿದೆ’ ಎಂದು ಇಮೇಲ್ ಬರೆದು ಹಣ ಹೊಡೆಯುವುದು ಈಗ ಮಾಮೂಲು ವಂಚನೆ. ನಾವಂತೂ ಆ ಇಮೇಲಿನಲ್ಲಿರುವ ಸಂಖ್ಯೆಗೆ ಫೋನ್ ಮಾಡುವುದೇ ಇಲ್ಲ, ನಮ್ಮ ಹಳೆಯ ಕಡತದಲ್ಲಿರುವ ಸಂಖ್ಯೆಗೆ ಮಾಡುತ್ತೇವೆ. ಆಮೇಲೆ ಹೊಸ ಖಾತೆಗೆ ಮೊದಲು ಒಂದು ರೂಪಾಯಿ ಕಳಿಸಿ, ಬಂತೆಂದು ಅವರಿಂದ ಕೇಳಿಕೊಂಡೇ ಉಳಿದದ್ದು. ಚೆಕ್ ಹಿಡಿದುಕೊಂಡು ಹೋಗಿ ಬನ್ನಿ. ಹೋದಾಗ ಬಾಕಿ ಬಿಲ್‌ಗಳ ಪಟ್ಟಿಯನ್ನೂ ಜೊತೆಗೆ ಒಯ್ಯಿರಿ.